ವಂಶವಾಹಿ ದೋಷವಿರುವ ಲ್ಯಾಬ್ರಡಾರ್ ಮರಿ ಮಾರಾಟದ ಬಗ್ಗೆ ದೂರು

ಇವರಿಗೆ,
ಮಾಲೀಕರು,
ಸಾಕುಪ್ರಾಣಿ ಮಾರಾಟ ಮಳಿಗೆ, ಬಳ್ಳಾರಿ.

ಮಾನ್ಯರೇ,

ಕಳೆದ ದೀಪಾವಳಿ ಹೊತ್ತಿಗೆ ನಿಮ್ಮಲ್ಲಿ ಕೊಂಡ ನಮ್ಮ ರಾಜನಿಗೆ ಎರಡೂ ಕಡೆ ಹಿಪ್ ಡಿಸ್‌ಪ್ಲಾಸಿಯಾ ಇರುವುದು ಎಕ್ಸ್‌ರೇಯಲ್ಲಿ ಖಚಿತವಾಗಿದೆ. ತೊಡೆಮೂಳೆಯ ಗುಂಡು ಸೊಂಟದ ಗುಳಿಯಲ್ಲಿ ಭದ್ರವಾಗಿ ಕೂರುತ್ತಿಲ್ಲ. ಬೆಳಿಗ್ಗೆ ಮುಂಗಾಲು ಊರಿ, ಹಿಂಭಾಗ ಎಳೆದುಕೊಂಡು ಎದ್ದು, ಸ್ವಲ್ಪ ಹೊತ್ತು ಹಾಗೇ ನಿಂತುಬಿಡುತ್ತಾನೆ. ಓಡಿದರೆ ಹಿಂಗಾಲೆರಡನ್ನೂ ಜೋಡಿಸಿ ಮೊಲದಂತೆ ಕುಪ್ಪಳಿಸುತ್ತಾನೆ. ಬಾಗಿಲ ಮೆಟ್ಟಿಲ ಬಳಿ ಬಂದು ನನ್ನ ಮುಖ ನೋಡುತ್ತಾನೆ. ಇನ್ನೂ ವರ್ಷ ತುಂಬದ ನಾಯಿ ಇದು.

ಫೋನ್ ಮಾಡಿದರೆ ನಿಮ್ಮವರ ಉತ್ತರ: "ನಿಮ್ಮನಿ ಕಡಪಾ ಕಲ್ಲು ಜಾರತೈತ್ರಿ ಮೇಡಂ, ಅದಕ್ಕ ಹಿಂಗಾಗೈತಿ. ಕ್ಯಾಲ್ಸಿಯಂ ಕೊಡ್ರಿ, ಸರಿ ಹೋಗತೈತಿ." ಜಾರುವ ನೆಲ, ಅತಿ ತೂಕ ಈ ತೊಂದರೆಯನ್ನು ಹೆಚ್ಚಿಸುತ್ತವೆ, ನಿಜ. ಆದರೆ ಬೇರು ಇರುವುದು ತಂದೆತಾಯಿಯಿಂದ ಬಂದ ಹಲವು ವಂಶವಾಹಿಗಳಲ್ಲಿ. ಇನ್ನು, ಬೆಳೆಯುತ್ತಿರುವ ದೊಡ್ಡ ತಳಿಯ ಮರಿಗೆ ವೈದ್ಯರನ್ನು ಕೇಳದೆ ಕ್ಯಾಲ್ಸಿಯಂ ಹೆಚ್ಚಾಗಿ ಕೊಟ್ಟರೆ ಮೂಳೆಯ ಬೆಳವಣಿಗೆಯೇ ಕೆಡಬಹುದು. ದಯವಿಟ್ಟು ಈ ಸಲಹೆಯನ್ನು ಇನ್ನಾರಿಗೂ ಕೊಡಬೇಡಿ.

ತಾಯಿ ಚೆನ್ನಾಗೇ ನಡೆಯುತ್ತಾಳೆ ಎಂಬ ನಿಮ್ಮ ವಾದವೂ ನಿಲ್ಲುವುದಿಲ್ಲ. ನಡಿಗೆ ಸರಿ ಇರುವ ನಾಯಿಯಿಂದಲೂ ಈ ದೋಷ ಮರಿಗಳಿಗೆ ದಾಟುತ್ತದೆ. ಅದಕ್ಕೇ ಒಳ್ಳೆಯ ಬ್ರೀಡರ್‌ಗಳು ಮೊದಲು ಸೊಂಟದ ಎಕ್ಸ್‌ರೇ ತೆಗೆಸಿ, ಆಮೇಲೆ ಕ್ರಾಸ್ ಮಾಡಿಸುತ್ತಾರೆ. ನಾನು ತಂದೆತಾಯಿಯ ಎಕ್ಸ್‌ರೇ ಕೇಳಿದರೆ ನೀವು ಕೆಸಿಐ (ಕೆನಲ್ ಕ್ಲಬ್ ಆಫ್ ಇಂಡಿಯಾ) ನೋಂದಣಿ ಕಾಗದ ಕೊಟ್ಟಿರಿ. ಅದರಲ್ಲಿ ವಂಶಾವಳಿ ಇದೆ, ಕೀಲಿನ ಸ್ಥಿತಿ ಇಲ್ಲ. ಆ ವಂಶಾವಳಿಯೋ, ರಾಜನ ತಂದೆತಾಯಿ ಇಬ್ಬರೂ ಒಂದೇ ಜೋಡಿಯ ಮಕ್ಕಳು ಎನ್ನುತ್ತದೆ! ಒಡಹುಟ್ಟಿದ ನಾಯಿಗಳನ್ನು ಕೂಡಿಸಬಾರದೆಂದು ಕೇಂದ್ರದ 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳಲ್ಲೇ ಇದೆ.

ಬೇರೆ ಮರಿ ಕೊಡುತ್ತೇವೆ, ಇದನ್ನು ತಂದುಬಿಡಿ ಎಂದಿರಿ. ರಾಜನನ್ನು ವಾಪಸ್ ಕೊಡುವ ಮಾತೇ ಇಲ್ಲ. ಕುಂಟುವ ನಾಯಿ ನಿಮ್ಮಲ್ಲಿಗೆ ಮರಳಿದರೆ ಅದರ ಗತಿ ಏನೆಂದು ನೆನೆದರೇ ಎದೆ ಝಲ್ಲೆನ್ನುತ್ತದೆ. ಮರಿಯ ಬೆಲೆಯನ್ನೂ ಈವರೆಗಿನ ಚಿಕಿತ್ಸೆಯ ಖರ್ಚನ್ನೂ ಕೊಡಿ. ಬಿಲ್ಲುಗಳ ಪ್ರತಿ ಲಗತ್ತಿಸಿದ್ದೇನೆ. ಅದಕ್ಕಿಂತ ಮುಖ್ಯವಾಗಿ, ರಾಜನ ತಂದೆತಾಯಿಯನ್ನು ಮತ್ತೆ ಕೂಡಿಸಬೇಡಿ. ಅದೇ ಸೂಲಿನ ಮರಿಗಳನ್ನು ಕೊಂಡವರಿಗೆಲ್ಲ ಇವತ್ತೇ ತಿಳಿಸಿ. ಈಗಲೇ ಎಕ್ಸ್‌ರೇ ತೆಗೆಸಿ, ತೂಕ ಹಿಡಿತದಲ್ಲಿಟ್ಟು, ನೆಲಕ್ಕೆ ಜಾರದ ಚಾಪೆ ಹಾಸಿದರೆ ಆ ಮರಿಗಳ ನೋವನ್ನು ಎಷ್ಟೋ ಕಡಿಮೆ ಮಾಡಬಹುದು.

15 ದಿನಗಳಲ್ಲಿ ಲಿಖಿತ ಉತ್ತರ ಬಾರದಿದ್ದರೆ, ಗ್ರಾಹಕರ ಸಂರಕ್ಷಣಾ ಕಾಯ್ದೆ 2019ರಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೂ, ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಗೂ ದೂರು ಕೊಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ,
ಗಾಂಧಿನಗರ, ಬಳ್ಳಾರಿ