ಇನ್ನು ಮುಂದೆ ಬಣ್ಣ ಹೊಡೆದು ಪೆಟ್ಟಿಗೆ ಮಾರುವುದಿಲ್ಲ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಆತ್ಮೀಯ ಗ್ರಾಹಕರೇ, ಕೊಡಗಿನ ಕುಶಾಲನಗರದಿಂದ ನಮಸ್ಕಾರ.

ವಿಷಯ ನೇರವಾಗಿ ಹೇಳಿಬಿಡುತ್ತೇವೆ. ಹಳೇ ಕಬ್ಬಿಣದ ಟೂಲ್ ಪೆಟ್ಟಿಗೆ ತಂದು, ಉಜ್ಜಿ, ಬಣ್ಣ ಹೊಡೆದು, ಹೊಸದರ ಹಾಗೆ ಹೊಳೆಸಿ ಮಾರುವ ಕೆಲಸವನ್ನು ನಾವು ನಿಲ್ಲಿಸಿದ್ದೇವೆ. ಪೆಟ್ಟಿಗೆ ಮಾರಾಟ ಇದೆ, ರಿಪೇರಿಯೂ ಇದೆ. ಆದರೆ ಇನ್ನು ಮುಂದೆ ಬಣ್ಣಕ್ಕೆ ಮೊದಲೇ ಪೆಟ್ಟಿಗೆಯನ್ನು ನಿಮಗೆ ತೋರಿಸುತ್ತೇವೆ, ಎಲ್ಲಾ ಡ್ರಾಯರ್ ಹೊರಗೆ ತೆಗೆದು, ತಳ ಮೇಲೆ ಮಾಡಿ ಮಲಗಿಸಿ. ನೀವು ನೋಡಿ ಒಪ್ಪಿದ ಮೇಲೆ ಬಣ್ಣ, ಅದೂ ಬೇಕು ಅಂದರೆ ಮಾತ್ರ. ಗುಜರಿ ತೂಕದ ಲೆಕ್ಕದಲ್ಲಿ ಪೆಟ್ಟಿಗೆ ಕೊಳ್ಳುವುದನ್ನೂ ಬಿಟ್ಟಿದ್ದೇವೆ. ಮತ್ತೆ, ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ನಮ್ಮ ಶೆಡ್‌ನಲ್ಲಿ ಬಣ್ಣದ ಕೆಲಸವೇ ಇರುವುದಿಲ್ಲ.

ಯಾಕೆ ಅಂತ ಕೇಳುತ್ತೀರಿ. ಹೇಳುತ್ತೇವೆ.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಸಿದ್ದಾಪುರದ ಕಡೆಯ ಒಬ್ಬ ಬೆಳೆಗಾರರು ಪಿಕಪ್‌ನಲ್ಲಿ ಒಂದು ಏಳು ಡ್ರಾಯರ್ ಪೆಟ್ಟಿಗೆ ತಂದು ಇಳಿಸಿದರು. ನಾವೇ ಮಾರಿದ್ದು, ಒಂದೂವರೆ ವರ್ಷದ ಹಿಂದೆ. ಹೊರಗಿನಿಂದ ನೋಡಿದರೆ ನಾವು ಹೊಡೆದ ನೀಲಿ ಬಣ್ಣ ಇನ್ನೂ ಚೆನ್ನಾಗಿಯೇ ಇತ್ತು. ಅವರು ಏನೂ ಮಾತಾಡದೆ ಕೆಳಗಿನ ಡ್ರಾಯರ್ ಎಳೆದರು. ತಳ ಕಳಚಿ ಸ್ಪ್ಯಾನರ್‌ಗಳೆಲ್ಲ ನೆಲಕ್ಕೆ ಬಿದ್ದವು. ಬೆರಳಲ್ಲಿ ಒತ್ತಿದರೆ ತಗಡು ಹಪ್ಪಳದ ಹಾಗೆ ಮುರಿಯುತ್ತಿತ್ತು. "ಅಣ್ಣ, ಒಳಗೆ ಹೀಗಿದೆ ಅಂತ ಆವತ್ತೇ ಒಂದು ಮಾತು ಹೇಳಿದ್ದರೆ ನಾನೇ ತಳ ಹಾಕಿಸಿಕೊಳ್ಳುತ್ತಿದ್ದೆ ಅಲ್ವಾ" ಅಂದರು. ನಮಗೆ ಆವತ್ತು ಗೊತ್ತಿರಲಿಲ್ಲ, ಯಾಕೆಂದರೆ ನಾವು ಒಳಗೆ ನೋಡಿಯೇ ಇರಲಿಲ್ಲ. ಅದೇ ತಪ್ಪು.

ದುಡ್ಡು ಆ ದಿನವೇ ವಾಪಸ್ ಕೊಟ್ಟೆವು. ಪೆಟ್ಟಿಗೆಯನ್ನು ಮಾತ್ರ ಗುಜರಿಗೆ ಹಾಕಲಿಲ್ಲ. ಶೆಡ್‌ನ ನಾವು ಮೂವರೂ ಕೂತು ಪೂರ್ತಿ ಬಿಚ್ಚಿದೆವು.

ತಳದ ತಗಡೂ ಪಕ್ಕದ ತಗಡೂ ಸೇರುವ ಮಡಿಕೆ ಇರುತ್ತದಲ್ಲ, ಅದನ್ನು ಉಳಿಯಿಂದ ಬಿಡಿಸಿದಾಗ ಒಳಗಿನಿಂದ ನಯವಾದ ಕಂದು ಮಣ್ಣು ಉದುರಿತು, ರಾಗಿ ಹಿಟ್ಟಿನ ಹಾಗೆ. ಆ ಮಣ್ಣಿನ ಗುರುತು ನಮಗೆ ಚೆನ್ನಾಗಿ ಇದೆ. 2018ರ ಆಗಸ್ಟ್‌ನಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ನಮ್ಮ ಊರಿನ ಬಡಾವಣೆಗಳಿಗೆ ನುಗ್ಗಿದಾಗ ಎಷ್ಟೋ ದಿನ ಇದೇ ಮಣ್ಣನ್ನು ಬಳಿದು ಬಳಿದು ಹೊರಗೆ ಹಾಕಿದ್ದೇವೆ. ನೆರೆಯಲ್ಲಿ ಮುಳುಗಿದ ಪೆಟ್ಟಿಗೆಯನ್ನು ತೊಳೆದು ಬಿಸಿಲಿಗೆ ಇಟ್ಟರೆ ಮೇಲೆ ಒಣಗುತ್ತದೆ, ಮಡಿಕೆಯೊಳಗಿನ ಮಣ್ಣು ಹೋಗುವುದಿಲ್ಲ. ಅದು ಮಳೆಗಾಲದಲ್ಲಿ ಗಾಳಿಯ ತೇವ ಹೀರಿಕೊಂಡು ಹಿಡಿದಿಟ್ಟುಕೊಳ್ಳುತ್ತದೆ. ಅದರ ಮೇಲೆ ನಾವು ಬಣ್ಣ ಬಳಿದು, ಆ ತೇವ ಆರುವ ದಾರಿಯನ್ನೂ ಮುಚ್ಚಿಬಿಟ್ಟೆವು. ತುಕ್ಕು ತಗಡನ್ನು ಒಳಗಿನಿಂದ ಹೊರಕ್ಕೆ ತಿಂದುಕೊಂಡು ಬಂದಿದೆ.

ಇನ್ನೊಂದು ಡ್ರಾಯರ್‌ನ ಮೂಲೆಯಲ್ಲಿ ನೀಲಿ ಬಣ್ಣ ಕೆರೆದಾಗ ಕೆಂಪಗೆ ಹೊಳೆಯುವ ಮಚ್ಚೆ ಕಂಡಿತು. ತುಕ್ಕಿನ ಕೆಂಪಲ್ಲ, ತಾಮ್ರದ ಕೆಂಪು. ಕಾಫಿ, ಮೆಣಸು ಇರುವವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಗಿಡದ ರೋಗಕ್ಕೆ ಸಿಂಪಡಿಸಲು ಮೈಲುತುತ್ತ (ತಾಮ್ರದ ಉಪ್ಪು), ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಮಾಡುವಾಗ ಸುಣ್ಣ ಸಾಕಾಗಿದೆಯಾ ಅಂತ ನೋಡಲು ಹೊಳೆಯುವ ಚಾಕು ಅದ್ದುತ್ತೀರಿ, ಸುಣ್ಣ ಕಡಿಮೆ ಬಿದ್ದಿದ್ದರೆ ಚಾಕಿನ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ಇಲ್ಲೂ ಆಗಿದ್ದು ಅದೇ. ಯಾವುದೋ ಕಾಲದಲ್ಲಿ ಆ ಡ್ರಾಯರ್‌ನಲ್ಲಿ ಮೈಲುತುತ್ತದ ಪೊಟ್ಟಣ ಇಟ್ಟಿದ್ದಾರೆ, ಅದು ತೇವ ತಾಗಿ ಕರಗಿದೆ. ತಾಮ್ರ ಕೂತಷ್ಟು ಕಬ್ಬಿಣ ಕರಗಿ ಹೋಗಿದೆ. ಮೈಲುತುತ್ತವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕರಗಿಸಬೇಡಿ ಅಂತ ಹಿರಿಯರು ಹೇಳುವುದು ಇದಕ್ಕೇ.

ಈ ಒಂದು ಪೆಟ್ಟಿಗೆ ನಮ್ಮ ಕೆಲಸದ ರೀತಿಯನ್ನೇ ಬದಲಾಯಿಸಿತು.

ಮೊದಲು ಕೊಳ್ಳುವ ವಿಷಯ. ಇಷ್ಟು ದಿನ ಮೈಸೂರು, ಬೆಂಗಳೂರಿನ ಗ್ಯಾರೇಜುಗಳಿಂದ, ಇಲ್ಲಿನ ತೋಟದ ಸ್ಟೋರುಗಳಿಂದ ಕಿಲೋ ಲೆಕ್ಕದಲ್ಲಿ ತರುತ್ತಿದ್ದೆವು. ಕಿಲೋ ಲೆಕ್ಕದಲ್ಲಿ ತಂದರೆ ಯಾರೂ ಒಳಗೆ ನೋಡುವುದಿಲ್ಲ. ತೂತಿಗೆ ಪುಟ್ಟಿ (ಬಣ್ಣದ ಕೆಳಗೆ ಮೆತ್ತುವ ಪೇಸ್ಟು) ತುಂಬಿದ ಪೆಟ್ಟಿಗೆಗೂ ದಪ್ಪ ತಗಡಿನ ಒಳ್ಳೇ ಪೆಟ್ಟಿಗೆಗೂ ಒಂದೇ ರೇಟು. ಈಗ ಮೂರು ಸಾಮಾನು ಹಿಡಿದುಕೊಂಡು ಹೋಗುತ್ತೇವೆ: ದಪ್ಪ ಅಳೆಯುವ ವರ್ನಿಯರ್, ಟಾರ್ಚ್, ಹಳೇ ಸ್ಪೀಕರಿನಿಂದ ತೆಗೆದ ಒಂದು ಅಯಸ್ಕಾಂತ. ವರ್ನಿಯರ್‌ನಲ್ಲಿ ತಗಡು 1.2 ಮಿಲಿಮೀಟರ್ ಬಂದರೆ ಅದು ಹದಿನೆಂಟು ಗೇಜ್, ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದಾದ ದಪ್ಪ. 0.9 ಬಂದರೆ ಇಪ್ಪತ್ತು ಗೇಜ್, ಮನೆ ಕೆಲಸಕ್ಕೂ ಸಣ್ಣ ವರ್ಕ್‌ಶಾಪಿಗೂ ಸಾಕು. ಅದಕ್ಕಿಂತ ತೆಳುವಾದ ದೊಡ್ಡ ಪೆಟ್ಟಿಗೆ ಇನ್ನು ನಾವು ಮುಟ್ಟುವುದಿಲ್ಲ, ತುಂಬಿದ ಡ್ರಾಯರ್ ಎಳೆದಾಗ ಇಡೀ ಪೆಟ್ಟಿಗೆಯೇ ತಿರುಚಿಕೊಳ್ಳುತ್ತದೆ. ಅಯಸ್ಕಾಂತ ಯಾಕೆ ಅಂದರೆ ಪುಟ್ಟಿಗೆ ಅದು ಅಂಟುವುದಿಲ್ಲ. ಕೆಳಗಿನ ಮೂಲೆಗಳ ಮೇಲೆ ಸುಮ್ನೆ ಒಂದು ಸಲ ಸವರಿದರೆ ಎಲ್ಲಿ ತಗಡು ಇದೆ, ಎಲ್ಲಿ ಬರೀ ಪುಟ್ಟಿ ಇದೆ ಅಂತ ಕೈಗೇ ಗೊತ್ತಾಗುತ್ತದೆ. ನೀವು ಬೇರೆ ಕಡೆ ಹಳೇ ಪೆಟ್ಟಿಗೆ ನೋಡಲು ಹೋದರೂ ಒಂದು ಅಯಸ್ಕಾಂತ ಜೇಬಿನಲ್ಲಿ ಇಟ್ಟುಕೊಂಡು ಹೋಗಿ.

ನಿಮ್ಮ ಹಳೇ ಪೆಟ್ಟಿಗೆಯನ್ನು ನಮಗೆ ಮಾರುವವರು ದಯವಿಟ್ಟು ಗಮನಿಸಿ. ನೆರೆ ನೀರು ಹೊಕ್ಕಿದ್ದರೆ ಮೊದಲೇ ಹೇಳಿ. ಅಂಥದ್ದನ್ನು ತೆಗೆದುಕೊಳ್ಳುವುದಿಲ್ಲ ಅಂತೇನಿಲ್ಲ. ಮಡಿಕೆ ಬಿಡಿಸಿ ಹೊಸ ತಳ ಹಾಕುವ ಖರ್ಚನ್ನು ಲೆಕ್ಕ ಹಾಕಿ ಬೆಲೆ ಹೇಳುತ್ತೇವೆ. ಒಳ್ಳೇ ಪೆಟ್ಟಿಗೆಗೆ ಗುಜರಿಗಿಂತ ಜಾಸ್ತಿಯೇ ಸಿಗುತ್ತದೆ.

ಇನ್ನು ತುಕ್ಕು ತೆಗೆಯುವುದು. ಮೊದಲು ಗ್ರೈಂಡರ್‌ಗೆ ವೈರ್ ಬ್ರಷ್ ಹಾಕಿ ಒಂದೇ ಏಟಿಗೆ ಬಣ್ಣ, ತುಕ್ಕು ಎರಡನ್ನೂ ಹಾರಿಸುತ್ತಿದ್ದೆವು. ಶೆಡ್ ಪೂರ್ತಿ ಧೂಳು. ಆ ಧೂಳಿನ ಬಗ್ಗೆ ನಮಗೆ ಈಗ ನಿಜವಾದ ಭಯ ಇದೆ. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ದಾಟಬಾರದು ಅನ್ನುವ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ, ಅದೂ ಕಾರ್ಖಾನೆ ಸಾಮಾನಿಗೆ ಹೊಡೆಯುವ ಬಣ್ಣಕ್ಕೆ ಅನ್ವಯಿಸುವುದಿಲ್ಲ. ನಮ್ಮ ಹತ್ತಿರ ಬರುವ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಅದಕ್ಕಿಂತ ಹಳೆಯವು. ಹಳದಿ, ಕಿತ್ತಳೆ, ಕೆಂಪು ಬಣ್ಣದವುಗಳಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಸೀಸದ ಧೂಳು ಎಲ್ಲರಿಗೂ ಕೆಟ್ಟದ್ದು, ಚಿಕ್ಕ ಮಕ್ಕಳ ಮಿದುಳಿಗೆ ಅಂತೂ ತುಂಬಾ ಕೆಟ್ಟದ್ದು. ಸಂಜೆ ಅದೇ ಬಟ್ಟೆಯಲ್ಲಿ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳುತ್ತಿದ್ದ ಹುಡುಗ ನಮ್ಮಲ್ಲೇ ಇದ್ದಾನೆ. ಹಾಗಾಗಿ ಒಣ ಉಜ್ಜಾಟ ಬಂದ್. ಈಗ ನೀರು ಹಾಕಿ ಕೆರೆಯುತ್ತೇವೆ, ಮಾಸ್ಕ್ ಹಾಕುತ್ತೇವೆ, ಕೆಲಸದ ಬಟ್ಟೆ ಶೆಡ್‌ನಲ್ಲೇ ಉಳಿಯುತ್ತದೆ. ನೀವೂ ಬರುವಾಗ ಮಕ್ಕಳನ್ನು ಒಳಗೆ ಕರೆತರಬೇಡಿ, ಹೊರಗೆ ಬೆಂಚು ಹಾಕಿದ್ದೇವೆ.

ಡ್ರಾಯರುಗಳ ತುಕ್ಕಿಗೆ ಹಿತ್ತಲಲ್ಲಿ ಒಂದು ದೊಡ್ಡ ಪ್ಲಾಸ್ಟಿಕ್ ಡ್ರಮ್ ಇಟ್ಟಿದ್ದೇವೆ. ನೀರು, ಅದಕ್ಕೆ ವಾಷಿಂಗ್ ಸೋಡಾ. ಡ್ರಾಯರ್‌ಗೆ ಬ್ಯಾಟರಿ ಚಾರ್ಜರಿನ ನೆಗೆಟಿವ್ ತಂತಿ, ಪಕ್ಕದಲ್ಲಿ ಇಳಿಬಿಟ್ಟ ಬೇಡದ ಕಬ್ಬಿಣದ ಸರಳಿಗೆ ಪಾಸಿಟಿವ್. ಕರೆಂಟ್ ಕೊಟ್ಟ ಸ್ವಲ್ಪ ಹೊತ್ತಿಗೆ ಡ್ರಾಯರ್‌ನ ಸುತ್ತ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ, ಒಂದು ರಾತ್ರಿ ಕಳೆದರೆ ತುಕ್ಕು ಕಪ್ಪು ಕೆಸರಿನ ಹಾಗೆ ಸಡಿಲವಾಗಿ, ಪಾತ್ರೆ ಉಜ್ಜುವ ನಾರಿನಲ್ಲೇ ಬಿಟ್ಟುಬರುತ್ತದೆ. ಕೆಳಗಿನ ಒಳ್ಳೇ ಕಬ್ಬಿಣ ಸವೆಯುವುದಿಲ್ಲ, ಅದೇ ಇದರ ದೊಡ್ಡ ಗುಣ. ಮನೆಯಲ್ಲಿ ಮಾಡಿ ನೋಡುವವರು ಎರಡು ವಿಷಯ ಮರೆಯಬೇಡಿ. ಆ ಗುಳ್ಳೆ ಹೈಡ್ರೋಜನ್, ಮುಚ್ಚಿದ ಕೋಣೆಯಲ್ಲಿ ಮಾಡಬಾರದು, ಹತ್ತಿರ ಬೆಂಕಿ ಇರಬಾರದು. ಸರಳಿನ ಜಾಗದಲ್ಲಿ ಸ್ಟೀಲ್ ಚಮಚ, ಸ್ಟೀಲ್ ತಟ್ಟೆ ಹಾಕಬಾರದು, ಅದರಲ್ಲಿರುವ ಕ್ರೋಮಿಯಂ ನೀರಿಗೆ ಬಿಟ್ಟು ವಿಷವಾಗುತ್ತದೆ.

ಈ ಕೆಲಸಕ್ಕೆ ಸಮಯ ಬೇಕು. ಮೊದಲು ಮೂರು ದಿನದಲ್ಲಿ ಕೊಡುತ್ತಿದ್ದ ಪೆಟ್ಟಿಗೆಗೆ ಈಗ ಹತ್ತು ಹನ್ನೆರಡು ದಿನ ಹಿಡಿಯುತ್ತದೆ. ಬೆಲೆಯೂ ಹೆಚ್ಚುಕಡಿಮೆ ಕಾಲು ಭಾಗ ಏರುತ್ತದೆ. ಕಾಫಿ ದುಡ್ಡು ಕೈಗೆ ಬರುವ ಮೊದಲು ಇದು ಭಾರ ಅಂತ ನಮಗೆ ಗೊತ್ತು, ಅಂಥವರು ಎರಡು ಕಂತಿನಲ್ಲಿ ಕೊಟ್ಟರೂ ನಡೆಯುತ್ತದೆ.

ಡ್ರಾಯರ್ ಸರಿಯಾಗಿ ಓಡದ ಪೆಟ್ಟಿಗೆಗಳ ಬಗ್ಗೆ ಒಂದು ಮಾತು. ಹಳೆಯವುಗಳಲ್ಲಿ ತಗಡಿನ ಮೇಲೆ ತಗಡೇ ಜಾರುತ್ತದೆ, ಬೇರಿಂಗ್ ಇರುವುದಿಲ್ಲ. ಅದನ್ನು ಸ್ವಚ್ಛ ಮಾಡಿ ತೆಳುವಾಗಿ ಗ್ರೀಸ್ ಸವರಿದರೆ ಇನ್ನೂ ಎಷ್ಟೋ ವರ್ಷ ಬರುತ್ತದೆ, ಸುಮ್ನೆ ಕಿತ್ತು ಹಾಕುವುದು ಬೇಡ. ಭಾರದ ಸಾಮಾನು ಇಡುವವರಿಗೆ ಮಾತ್ರ ಬೇರಿಂಗ್ ಇರುವ ಟೆಲಿಸ್ಕೋಪಿಕ್ ಚಾನಲ್ ಹಾಕಿಕೊಡುತ್ತೇವೆ. ಆದರೆ ಚಾನಲ್‌ಗೆ ಎರಡೂ ಪಕ್ಕದಲ್ಲಿ ಅರ್ಧ ಅರ್ಧ ಇಂಚು ಜಾಗ ಬೇಕು, ಅಷ್ಟು ಜಾಗ ಇಲ್ಲದ ಪೆಟ್ಟಿಗೆಯಲ್ಲಿ ಡ್ರಾಯರನ್ನೇ ಕತ್ತರಿಸಿ ಕಿರಿದು ಮಾಡಬೇಕಾಗುತ್ತದೆ. ಅದಕ್ಕೆ ನಾವು ಈಗ ಇಲ್ಲ ಅನ್ನುತ್ತೇವೆ.

ಮಳೆಗಾಲದಲ್ಲಿ ಬಣ್ಣ ಯಾಕಿಲ್ಲ ಅಂದರೆ, ಗಾಳಿಯಲ್ಲಿ ತೇವ ಶೇಕಡಾ 85 ದಾಟಿದ ಮೇಲೆ ಕಬ್ಬಿಣಕ್ಕೆ ಬಣ್ಣ ಹೊಡೆಯಬಾರದು. ಕಣ್ಣಿಗೆ ಕಾಣದ ನೀರಿನ ಪದರ ತಗಡಿನ ಮೇಲೆ ಕೂತಿರುತ್ತದೆ, ಬಣ್ಣಕ್ಕೆ ಮೊದಲು ಹೊಡೆಯುವ ರೆಡ್ ಆಕ್ಸೈಡ್ ಅದರ ಮೇಲೆ ಕೂತರೆ ಹಿಡಿಯುವುದಿಲ್ಲ. ಹೋದ ಜುಲೈಯಲ್ಲಿ ಒಂದು ತೇವ ಅಳೆಯುವ ಮೀಟರ್ ತಂದು ಗೋಡೆಗೆ ಹಾಕಿದೆವು, ಮಧ್ಯಾಹ್ನವೂ ಮುಳ್ಳು 90ರಿಂದ ಕೆಳಗೆ ಬರಲಿಲ್ಲ. ಮಡಿಕೇರಿ, ಭಾಗಮಂಡಲದ ಕಡೆ ಹೇಗಿರಬಹುದು ಅಂತ ನೀವೇ ನೋಡುತ್ತಿರುತ್ತೀರಿ. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೋಳ್ದ್‌ಗೆ (ಕೊಡವರು ಆಯುಧ ಪೂಜಿಸುವ ಹಬ್ಬ) ಪೆಟ್ಟಿಗೆ ಹೊಸ ಬಣ್ಣದಲ್ಲಿ ಇರಬೇಕು ಅನ್ನುವವರು ಮೇ ಹದಿನೈದರೊಳಗೆ ತಂದುಕೊಡಿ. ಆಯುಧಪೂಜೆ ಅಕ್ಟೋಬರ್‌ನಲ್ಲಿ ತಡವಾಗಿ ಬಂದ ವರ್ಷ ಸ್ವಲ್ಪ ದಿನ ಸಿಗುತ್ತದೆ, ಬೇಗ ಬಂದರೆ ಇಲ್ಲ. ವೆಲ್ಡಿಂಗ್, ಟಿಂಕರಿಂಗ್, ಬೀಗ, ಕೀಲು, ಗಾಲಿ ಕೆಲಸ ಮಳೆಯಲ್ಲೂ ನಡೆಯುತ್ತದೆ.

ಬಣ್ಣ ಬೇಕಾ ಅಂತ ಕೇಳಿಯೇ ಹೊಡೆಯುವ ಅಭ್ಯಾಸಕ್ಕೆ ಇನ್ನೊಂದು ಕಾರಣವೂ ಇದೆ. ನಾಪೋಕ್ಲು ಕಡೆಯ ಒಬ್ಬ ನಿವೃತ್ತ ಸುಬೇದಾರರು ತಮ್ಮ ಕಪ್ಪು ಟ್ರಂಕ್ ತಂದಿದ್ದರು. ಸೇನೆಯಿಂದ ಬಂದವರ ಮನೆಗಳಲ್ಲಿ ಇಂಥ ಟ್ರಂಕ್ ಇರುತ್ತದೆ, ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರ್, ಹುದ್ದೆ, ಹೆಸರು. ಈಗ ಅದರಲ್ಲಿ ಅವರು ಮರ ಕಪಾತು ಮಾಡುವ ಕತ್ತಿ, ಗರಗಸ ಇಡುತ್ತಾರೆ. ತಳ ಹೋಗಿತ್ತು, ಒಂದು ಕೀಲು ಮುರಿದಿತ್ತು. "ಏನು ಬೇಕಾದರೂ ಮಾಡು, ಹೆಸರಿನ ಮೇಲೆ ಮಾತ್ರ ಬಣ್ಣ ಹಾಕಬೇಡ ಮಾರಾಯ, ಅದು ನಾನೇ ಬರೆದದ್ದು" ಅಂದರು. ಹೊಸ ತಳ ರಿವೆಟ್ ಹೊಡೆದು ಕೂರಿಸಿ, ಮುಚ್ಚಳವನ್ನು ಬಟ್ಟೆಗೆ ಎಣ್ಣೆ ಹಾಕಿ ಒರೆಸಿ ಕೊಟ್ಟೆವು. ಅವರು ಕೇಳದೆ ಇದ್ದಿದ್ದರೆ ನಾವು ಹಳೇ ರೀತಿಯಲ್ಲಿ ಪೂರ್ತಿ ಕಪ್ಪು ಹೊಡೆದುಬಿಡುತ್ತಿದ್ದೆವು. ಅದು ನೆನಪಾದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಮನೆಯಲ್ಲಿ ಪೆಟ್ಟಿಗೆ ಇಡುವಾಗ ಸಿಮೆಂಟ್ ನೆಲಕ್ಕೆ ತಾಗಿಸಿ ಇಡಬೇಡಿ, ಎರಡು ಮರದ ತುಂಡಿನ ಮೇಲೆ ಇಡಿ. ಗೊಬ್ಬರದ ಸ್ಟೋರ್‌ನಲ್ಲಿ ಇಡಲೇಬೇಡಿ, ಪೊಟ್ಯಾಷ್ ಅಂದರೆ ಅದೂ ಒಂದು ಉಪ್ಪೇ, ಅದರ ಧೂಳು ಕೂತ ಕಬ್ಬಿಣ ಒಂದು ಮಳೆಗಾಲ ತಡೆಯುವುದಿಲ್ಲ. ಡ್ರಾಯರ್‌ಗೆ ಹಾಸಿದ ಪೇಪರ್ ತೇವ ಹಿಡಿಯುತ್ತದೆ, ತೆಗೆದುಬಿಡಿ. ಭಾರದ್ದು ಕೆಳಗಿನ ಡ್ರಾಯರ್‌ನಲ್ಲಿರಲಿ, ಮೇಲಿನ ಎರಡು ಮೂರು ಡ್ರಾಯರ್ ಒಟ್ಟಿಗೆ ಎಳೆದರೆ ಪೆಟ್ಟಿಗೆ ಮುಂದಕ್ಕೆ ಮಗುಚುತ್ತದೆ.

ಕೊನೆಗೆ, ಇಲ್ಲಿಯವರೆಗೆ ನಮ್ಮಿಂದ ಬಣ್ಣ ಹೊಡೆದ ಪೆಟ್ಟಿಗೆ ಕೊಂಡವರಿಗೆ. ಯಾವ ವರ್ಷ ಕೊಂಡಿದ್ದರೂ ಸರಿ, ಒಮ್ಮೆ ತನ್ನಿ. ತಳ ಬಿಚ್ಚಿ ನೋಡುವುದಕ್ಕೆ ದುಡ್ಡಿಲ್ಲ. ನಾವು ಬಣ್ಣದಲ್ಲಿ ಮುಚ್ಚಿದ ತುಕ್ಕು ಸಿಕ್ಕರೆ ಹೊಸ ತಳವೂ ನಮ್ಮ ಖರ್ಚಿನಲ್ಲೇ. ಬಿಲ್ಲು ಕಳೆದುಹೋಗಿದ್ದರೆ ಚಿಂತೆ ಬೇಡ, ನಮ್ಮ ಕೆಲಸ ನಮಗೆ ಗುರುತು ಸಿಗುತ್ತದೆ. ಸಿದ್ದಾಪುರದಿಂದ ವಾಪಸ್ ಬಂದ ಆ ಏಳು ಡ್ರಾಯರ್ ಪೆಟ್ಟಿಗೆ ಈಗ ಶೆಡ್‌ನ ಬಾಗಿಲ ಹತ್ತಿರವೇ ಇದೆ, ಹೊಸ ತಳ ಹಾಕಿದೆ, ಬಣ್ಣ ಹೊಡೆದಿಲ್ಲ. ಕೈ ಹಾಕಿ ನೋಡಬಹುದು.

ಪೆಟ್ಟಿಗೆ ತರುವಾಗ ಖಾಲಿ ಮಾಡಿ ತನ್ನಿ, ಬೀಗದ ಕೈ ಮರೆಯಬೇಡಿ. ಭಾನುವಾರ ರಜೆ.

ನಿಮ್ಮ ಶೆಡ್‌ನ ಮೂವರು