ಸುಮ್ನೆ ನುಂಗುವ ಮಾತ್ರೆಯಲ್ಲ

ಮಾನ್ಯ ಸಂಪಾದಕರೇ,

ಡೊಂಬಿವಲಿಯಲ್ಲಿರುವ ನಮ್ಮ ಅತ್ತಿಗೆ ಕಾಲು ಊದಿದೆ ಅಂತ ಪಕ್ಕದ ಮನೆಯವರ ಖಾಲಿ ಸ್ಟ್ರಿಪ್ ತೋರಿಸಿ ಅಂಗಡಿಯಿಂದ ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ತಂದು ಹತ್ತು ದಿನ ನುಂಗಿದರು. ಊತ ಇಳಿಯಿತು, ಚಪ್ಪಲಿ ಸಲೀಸಾಗಿ ಹಾಕಲು ಬಂತು ಅಂತ ಖುಷಿಯೂ ಪಟ್ಟರು. ಆಮೇಲೆ ರಾತ್ರಿಯೆಲ್ಲ ಮೀನಖಂಡ ಸೆಟೆದುಕೊಳ್ಳತೊಡಗಿತು. ಒಂದು ದಿನ ಸ್ಟೇಷನ್ ಮೆಟ್ಟಿಲಲ್ಲೇ ತಲೆ ಸುತ್ತಿ ಕುಸಿದರು. ರಕ್ತದಲ್ಲಿ ಪೊಟ್ಯಾಸಿಯಂ ಎಂಬ ಲವಣಾಂಶ 2.6 ಇತ್ತು, ಕನಿಷ್ಠ 3.5 ಇರಬೇಕು. ಇಷ್ಟು ಇಳಿದರೆ ಹೃದಯದ ಬಡಿತವೇ ತಪ್ಪಬಹುದು.

ಮೂತ್ರ ಜಾಸ್ತಿ ಮಾಡಿಸುವ ಫ್ಯೂರೊಸೆಮೈಡ್‌ನಂಥ ಮಾತ್ರೆ ನೀರಿನ ಜೊತೆ ಸೋಡಿಯಂ, ಪೊಟ್ಯಾಸಿಯಂ ಎರಡನ್ನೂ ಹೊರಹಾಕುತ್ತದೆ. ತೂಕ ಇಳಿಸಲು ನುಂಗುವವರೂ ಇದ್ದಾರೆ, ಹೋಗುವುದು ನೀರು, ಕೊಬ್ಬಲ್ಲ. ಕಾಲು ಊದಿದ್ದು ಹೃದಯದಿಂದಲೋ ಕಿಡ್ನಿಯಿಂದಲೋ ಅಂತ ಡಾಕ್ಟರು ಮೊದಲು ನೋಡಬೇಕಲ್ವಾ? ಚೀಟಿ ಕೇಳದೆ ಇದನ್ನು ಕೊಡುವುದನ್ನು ಅಂಗಡಿಯವರು ದಯವಿಟ್ಟು ನಿಲ್ಲಿಸಲಿ.

ನಿಮ್ಮ ಓದುಗ, ಮುಲುಂಡ್, ಮುಂಬಯಿ