ಹಾರ್ಟ್ ರಿಸ್ಕ್ ಫಾರಂನಲ್ಲಿ ಲೂಪಸ್‌ಗೂ ಒಂದು ಕಾಲಂ ಕೊಡಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ,

ಸರ್, ನಮ್ಮ ಅಕ್ಕನಿಗೆ ಲೂಪಸ್, ಅಂದ್ರೆ ದೇಹದ ರೋಗನಿರೋಧಕ ಶಕ್ತಿ ತನ್ನ ದೇಹದ ಮೇಲೇ ತಿರುಗಿ ಬೀಳೋ ಕಾಯಿಲೆ, ಬಂದು 11 ವರ್ಷ ಆಯ್ತು, ಈಗ ವಯಸ್ಸು 39. ಹೋದ ವರ್ಷ ಒಂದು ರಾತ್ರಿ ದವಡೆ ಎಳೀತಿದೆ, ಉಸಿರು ಸಾಕಾಗ್ತಿಲ್ಲ ಅಂದ್ಲು, ಕ್ಯಾಶುವಾಲ್ಟಿಗೆ ಕರ್ಕೊಂಡು ಹೋದ್ರೆ ಡ್ಯೂಟಿ ಡಾಕ್ಟರು ವಯಸ್ಸು ಕೇಳಿದ್ರು, ಶುಗರ್ ಇಲ್ಲ ಸಿಗರೇಟ್ ಇಲ್ಲ ಅಂತ ಬರ್ಕೊಂಡ್ರು, ಇಸಿಜಿ ನಾರ್ಮಲ್ ಇದೆ, ಗ್ಯಾಸ್ಟ್ರಿಕ್ ಇರ್ಬೇಕು ಅಂತ ಒಂದು ಇಂಜೆಕ್ಷನ್ ಕೊಟ್ಟು ಕಳಿಸಿಬಿಟ್ರು. ಲೂಪಸ್ ಇದೆ ಅಂತ ನಾನು ಎರಡು ಸಲ ಹೇಳ್ದೆ. ಅದು ಚರ್ಮ, ಕೀಲಿಗೆ ಬರೋದಲ್ವಾ ಅಂದ್ರು. ಮಾರನೇ ದಿನ ಬೇರೆ ಕಡೆ ಟ್ರೋಪೋನಿನ್ ಟೆಸ್ಟ್ (ಹೃದಯಕ್ಕೆ ಪೆಟ್ಟಾಗಿದ್ರೆ ತೋರಿಸೋ ರಕ್ತಪರೀಕ್ಷೆ) ಮಾಡಿದಾಗ ಹಾರ್ಟ್ ಅಟ್ಯಾಕ್ ಅಂತ ಗೊತ್ತಾಯ್ತು. ಅಕ್ಕ ಉಳ್ಕೊಂಡ್ಲು, ಆದ್ರೆ ಈಗ ನಾಲ್ಕು ಮೆಟ್ಟಿಲು ಹತ್ತಿದ್ರೆ ಕಂಬಿ ಹಿಡ್ಕೊಂಡು ನಿಂತ್ಬಿಡ್ತಾಳೆ, ನಾವು ನೋಡಿದ್ರೆ ಸೆರಗು ಸರಿ ಮಾಡ್ಕೊಳ್ಳೋ ಹಾಗೆ ಮಾಡ್ತಾಳೆ.

ಆ ಡಾಕ್ಟರ ಮೇಲೆ ದೂರು ಹೇಳೋಕೆ ಇದನ್ನ ಬರೀತಿಲ್ಲ. ಅವರ ಮುಂದಿದ್ದ ಫಾರಂನಲ್ಲೇ ಲೂಪಸ್ ಅನ್ನೋ ಪ್ರಶ್ನೆ ಇರ್ಲಿಲ್ಲ, ಅದೇ ನನ್ನ ಸಂಕಟ.

ಇದೇನು ಹೊಸ ವಿಷಯ ಅಲ್ಲ ಸರ್. ಲೂಪಸ್ ಬಂದು ತುಂಬ ವರ್ಷ ಆದ್ಮೇಲೆ ತೀರಿಕೊಳ್ಳೋರಲ್ಲಿ ಹೃದಯಾಘಾತ ಜಾಸ್ತಿ ಅಂತ ಟೊರೊಂಟೊ ಡಾಕ್ಟರುಗಳು 1976ರಲ್ಲೇ ಬರೆದಿದ್ರು. 1997ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಲೆಕ್ಕ ಹಾಕಿದಾಗ 35ರಿಂದ 44 ವಯಸ್ಸಿನ ಲೂಪಸ್ ಇರೋ ಹೆಂಗಸರಲ್ಲಿ ಹಾರ್ಟ್ ಅಟ್ಯಾಕ್ ಅದೇ ವಯಸ್ಸಿನ ಬೇರೆ ಹೆಂಗಸರಿಗಿಂತ 50 ಪಟ್ಟು ಹೆಚ್ಚು ಅಂತ ಬಂತು. ಲೂಪಸ್ ಬರೋ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನ ಹೆಂಗಸರೇ, ಅದೂ ಬಹಳಷ್ಟು ಜನ ಚಿಕ್ಕ ವಯಸ್ಸಿನವರು, ಹೃದಯದ ಕಾಯಿಲೆ ಅಂದ್ರೆ ಯಾರ ತಲೆಗೂ ಮೊದ್ಲು ಹೊಳೆಯದ ಮುಖಗಳು. ಒಳಗಿನ ಉರಿಯೂತ ರಕ್ತನಾಳದ ಗೋಡೆನ ವರ್ಷಗಟ್ಟಲೆ ಹಾಳು ಮಾಡ್ತಾ ಇರತ್ತೆ, ಮೇಲಿಂದ ಸ್ಟೀರಾಯ್ಡ್ ಮಾತ್ರೆಯಿಂದ ಬಿಪಿ, ಶುಗರ್, ಕೊಲೆಸ್ಟ್ರಾಲ್ ಏರ್ತವೆ, ಕೆಲವರಿಗೆ ಕಿಡ್ನಿಗೂ ಪೆಟ್ಟು ಬೀಳತ್ತೆ, ಇನ್ನು ಕೆಲವರ ರಕ್ತದಲ್ಲಿ ಹೆಪ್ಪುಗಟ್ಟಿಸೋ ಆ್ಯಂಟಿಫಾಸ್ಫೋಲಿಪಿಡ್ ಆ್ಯಂಟಿಬಾಡಿ ಬೇರೆ. ವಯಸ್ಸು, ಸಿಗರೇಟು, ಕೊಲೆಸ್ಟ್ರಾಲ್ ಮಾತ್ರ ಕೇಳೋ ಲೆಕ್ಕದಲ್ಲಿ ಇಂಥವರು 'ಕಡಿಮೆ ರಿಸ್ಕ್' ಅಂತ್ಲೇ ಬರ್ತಾರೆ.

ಬ್ರಿಟನ್ನಿನಲ್ಲಿ ಬಳಸೋ ಕ್ಯೂರಿಸ್ಕ್ ಅನ್ನೋ ಹಾರ್ಟ್ ರಿಸ್ಕ್ ಲೆಕ್ಕಕ್ಕೆ 2017ರಲ್ಲಿ ಲೂಪಸ್ಸನ್ನೂ ಸ್ಟೀರಾಯ್ಡ್ ಮಾತ್ರೆನೂ ಸೇರಿಸಿದ್ರು. ನಾವೂ ಸೇರಿಸಬಹುದಲ್ವಾ? ಲೂಪಸ್ ಪತ್ತೆಯಾದ ದಿನವೇ ಬಿಪಿ, ಶುಗರ್, ಕೊಲೆಸ್ಟ್ರಾಲ್, ಮೂತ್ರದಲ್ಲಿ ಪ್ರೋಟೀನ್, ಆ ಆ್ಯಂಟಿಬಾಡಿ ನೋಡ್ಬೇಕು, ಆಮೇಲೆ ಬಿಪಿ ಪ್ರತಿ ಭೇಟಿಗೂ, ಉಳಿದವು ಡಾಕ್ಟರು ಹೇಳಿದ ಹಾಗೆ. ಅನುಮಾನ ಇದ್ರೆ ಕತ್ತಿನ ರಕ್ತನಾಳದ ಅಲ್ಟ್ರಾಸೌಂಡ್, ಅದ್ರಲ್ಲಿ ಕಟ್ಕೊಂಡಿರೋ ಕೊಬ್ಬು ಲಕ್ಷಣ ಬರೋ ಮುಂಚೆನೇ ಕಾಣತ್ತೆ, ಸೂಜಿ ಚುಚ್ಚೋದೂ ಇಲ್ಲ. ಅಕ್ಕನಿಗೆ ಇದನ್ನ ಮಾಡಿದ್ದು ಅಟ್ಯಾಕ್ ಆದ್ಮೇಲೆ.

ಕ್ಯಾಶುವಾಲ್ಟಿಯಲ್ಲಿ ಎದೆನೋವು, ದವಡೆನೋವು, ಉಸಿರಾಟದ ತೊಂದರೆ ಅಂತ ಬಂದ ಪ್ರತಿ ಹೆಂಗಸಿಗೂ "ಲೂಪಸ್ ಇದೆಯಾ" ಅಂತ ಕೇಳೋ ಹಾಗೆ ಒಂದು ಸುತ್ತೋಲೆ ಕಳಿಸಿ ಸರ್, ಇದೆ ಅಂದ್ರೆ ಇಸಿಜಿ ಸರಿ ಇದ್ರೂ ಟ್ರೋಪೋನಿನ್ ನೋಡದೆ ಮನೆಗೆ ಕಳಿಸ್ಬಾರದು. ನಿಮ್ಮ ಇಲಾಖೆಯವರು ಕರೆದ್ರೆ ಅಕ್ಕನ ಫೈಲ್ ಹಿಡ್ಕೊಂಡು ನಾನೇ ಬರ್ತೀನಿ, ಆ ರಾತ್ರಿಯ ಚೀಟಿನೂ ಅದ್ರಲ್ಲೇ ಇದೆ.

ಇಂತಿ,
ಲೂಪಸ್ ಇರೋ ಅಕ್ಕನ ತಂಗಿ